ಸೇಡಂ ರಸ್ತೆ ಇರುವುದು ಕಲಬುರಗಿಯಲ್ಲಿ: ವಿಳಾಸವನ್ನು ಬಿಡಿಸಿ ಹುಡುಕುವ ಸಮಗ್ರ ಮಾರ್ಗದರ್ಶಿ

ಕಲಬುರಗಿಯ ದೊಡ್ಡ ರಸ್ತೆಗಳ ಹೆಸರು ಒಮ್ಮೆ ಹೇಳಿ ನೋಡಿ. ಸೇಡಂ ರಸ್ತೆ, ಜೇವರ್ಗಿ ರಸ್ತೆ, ಆಳಂದ ರಸ್ತೆ, ಹುಮನಾಬಾದ್ ರಸ್ತೆ, ಶಹಾಬಾದ್ ರಸ್ತೆ. ಎಲ್ಲವೂ ಬೇರೆ ಊರಿನ ಹೆಸರೇ. ಬೀದರಿಗೆ ಹೋದರೆ ಉದಗೀರ್ ರಸ್ತೆ, ಆ ಉದಗೀರ್ ಇರುವುದು ಮಹಾರಾಷ್ಟ್ರದಲ್ಲಿ. ಯಾದಗಿರಿಯಲ್ಲಿ ಹತ್ತಿಕುಣಿ ರಸ್ತೆ, ಚಿತ್ತಾಪುರ ರಸ್ತೆ. ಊರಿನವರಿಗೆ ಇದರಲ್ಲಿ ಯಾವ ಗೊಂದಲವೂ ಇಲ್ಲ. ಆಟೋದವರಿಗೆ 'ಸೇಡಂ ರೋಡ್' ಅಂದರೆ ಜಿಮ್ಸ್ ಆಸ್ಪತ್ರೆ ಕಡೆಗೆ ತಿರುಗಿಸುತ್ತಾರೆ, ಸೇಡಂಗೆ ಕರೆದುಕೊಂಡು ಹೋಗುವುದಿಲ್ಲ.

ಕಂಪ್ಯೂಟರ್‌ಗೆ ಆ ತಿಳಿವಳಿಕೆ ಇಲ್ಲ. ಒಂದೇ ಸಾಲಿನಲ್ಲಿ 'ಪ್ಲಾಟ್ 14, ಜಿಮ್ಸ್ ಎದುರು, ಸೇಡಂ ರೋಡ್, ಗುಲ್ಬರ್ಗಾ' ಅಂತ ಕೊಟ್ಟರೆ ಅದು ಊಹೆ ಮಾಡಲು ಶುರು ಮಾಡುತ್ತದೆ. ಸೇಡಂ ಊರೋ, ರಸ್ತೆಯೋ? ಎದುರು ಅನ್ನುವುದು ಊರಿನ ಹೆಸರೋ? ಕೆಲವೊಮ್ಮೆ ಊಹೆ ಸರಿ ಬರುತ್ತದೆ. ಕೆಲವೊಮ್ಮೆ ಗುರುತು 50 ಕಿಲೋಮೀಟರಿಗೂ ಜಾಸ್ತಿ ದೂರದ ಸೇಡಂನಲ್ಲಿ ಹೋಗಿ ಕೂರುತ್ತದೆ. ಬಹಳ ಸಲ ಏನೂ ಸಿಗುವುದಿಲ್ಲ.

ಇದಕ್ಕೆ ದಾರಿ ಇದೆ. ವಿಳಾಸವನ್ನು ನಾವೇ ಬಿಡಿಸಿ, ರಸ್ತೆ ಬೇರೆ, ಊರು ಬೇರೆ, ಜಿಲ್ಲೆ ಬೇರೆ, ಪಿನ್‌ಕೋಡ್ ಬೇರೆ ಅಂತ ಒಂದೊಂದು ಖಾನೆಯಲ್ಲಿ ಕೊಡುವುದು. ಜಿಯೋಕೋಡಿಂಗ್ ಸೇವೆಗಳಲ್ಲಿ ಇದನ್ನು ಸ್ಟ್ರಕ್ಚರ್ಡ್ ಸರ್ಚ್ ಅನ್ನುತ್ತಾರೆ. ಜಿಯೋಕೋಡಿಂಗ್ ಅಂದರೆ ಇಷ್ಟೇ: ವಿಳಾಸ ಕೊಟ್ಟರೆ ಅದರ ಅಕ್ಷಾಂಶ, ರೇಖಾಂಶ ಹೇಳುವ ಕೆಲಸ. ಗಂಜ್‌ನ ದಾಲ್ ಮಿಲ್‌ನಿಂದ ಅಂಗಡಿಗಳಿಗೆ ಬೇಳೆ ಕಳಿಸುವವರು, ಸಮೀಕ್ಷೆ ಮಾಡುವ ವಿದ್ಯಾರ್ಥಿಗಳು, ಶಾಲೆ–ಆಸ್ಪತ್ರೆಗಳ ನಕ್ಷೆ ಮಾಡುವವರು, ಎಲ್ಲರ ಹತ್ತಿರವೂ ಒಂದು ಎಕ್ಸೆಲ್ ಪಟ್ಟಿ ಇರುತ್ತದೆ, ಅದರಲ್ಲಿ 'ಅಡ್ರೆಸ್' ಅಂತ ಒಂದೇ ಕಾಲಂ ಇರುತ್ತದೆ. ಈ ಬರಹ ಅಂಥವರಿಗೆ.

ಉದಾಹರಣೆಗೆ ನಾಮಿನಾಟಿಮ್ ತೆಗೆದುಕೊಂಡಿದ್ದೇನೆ. ಯಾರು ಬೇಕಾದರೂ ಸೇರಿಸಿ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯ ಹಿಂದೆ ಕೆಲಸ ಮಾಡುವ ಹುಡುಕಾಟದ ತಂತ್ರಾಂಶ ಅದು. ದುಡ್ಡು ಕೊಡಬೇಕಿಲ್ಲ, ಕೀ ಬೇಕಿಲ್ಲ, ಬ್ರೌಸರಿನಲ್ಲೇ ಪರೀಕ್ಷೆ ಮಾಡಬಹುದು. ಬೇರೆ ಸೇವೆಗಳ ವಿಚಾರ ಆಮೇಲೆ ಬರುತ್ತದೆ.

ಮೊದಲು ಖಾನೆಗಳನ್ನು ತಿಳಿದುಕೊಳ್ಳಿ

ನಾಮಿನಾಟಿಮ್‌ನಲ್ಲಿ ಏಳು ಖಾನೆಗಳಿವೆ: ಅಮೆನಿಟಿ, ಸ್ಟ್ರೀಟ್, ಸಿಟಿ, ಕೌಂಟಿ, ಸ್ಟೇಟ್, ಕಂಟ್ರಿ, ಪೋಸ್ಟಲ್‌ಕೋಡ್. ಇಲ್ಲಿ ಓದಲು ಸುಲಭ ಅಂತ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ನಿಜವಾದ ಯುಆರ್‌ಎಲ್‌ನಲ್ಲಿ (ವೆಬ್ ವಿಳಾಸದಲ್ಲಿ) ಇವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಟೈಪ್ ಮಾಡಬೇಕು. ಪೋಸ್ಟಲ್‌ಕೋಡ್ ಅನ್ನು ನಡುವೆ ಜಾಗ ಬಿಡದೆ ಒಂದೇ ಪದವಾಗಿ ಬರೆಯಬೇಕು.

ಅಮೆನಿಟಿ ಅಂದರೆ ಜಾಗದ ಹೆಸರು: ಆಸ್ಪತ್ರೆ, ಕಾಲೇಜು, ಗುಡಿ, ಹೋಟೆಲ್. ಸ್ಟ್ರೀಟ್ ಖಾನೆಗೆ ಮನೆ ನಂಬರ್ ಮತ್ತು ರಸ್ತೆಯ ಹೆಸರು ಎರಡೂ ಸೇರಿ ಹೋಗುತ್ತವೆ. ಮನೆ ನಂಬರಿಗೆ ಬೇರೆ ಖಾನೆ ಇಲ್ಲ. ಸ್ಟೇಟ್ ಮತ್ತು ಕಂಟ್ರಿ ಗೊತ್ತೇ ಇದೆ.

ತಲೆ ಕೆಡಿಸುವುದು ಸಿಟಿ ಮತ್ತು ಕೌಂಟಿ.

ನಮ್ಮಲ್ಲಿ ಕೌಂಟಿ ಅನ್ನುವುದೇ ಇಲ್ಲವಲ್ಲ, ಅಲ್ಲಿ ಏನು ಹಾಕಬೇಕು? ಜಿಲ್ಲೆ ಹಾಕಿ. ತಾಲೂಕು ಹಾಕಿದರೂ ನಡೆಯುತ್ತದೆ. ಆದರೆ ಉತ್ತರ ಬರುವಾಗ ಒಂದು ವಿಚಿತ್ರ ಕಾಣುತ್ತದೆ: ಕೌಂಟಿ ಅನ್ನುವ ಕಡೆ ಸಾಮಾನ್ಯವಾಗಿ ತಾಲೂಕಿನ ಹೆಸರು ಇರುತ್ತದೆ, ಜಿಲ್ಲೆ 'ಸ್ಟೇಟ್ ಡಿಸ್ಟ್ರಿಕ್ಟ್' ಅನ್ನುವ ಬೇರೆ ಹೆಸರಿನಡಿ ಬರುತ್ತದೆ. ಕೇಳುವಾಗ ಆ ಹೆಸರಿನ ಖಾನೆ ಇಲ್ಲ, ಹೇಳುವಾಗ ಇದೆ. ಉತ್ತರವನ್ನು ತಾಳೆ ನೋಡುವಾಗ ಇದು ನೆನಪಿರಲಿ.

ಇನ್ನು ಸಿಟಿ. ಇದು ಮಹಾನಗರಕ್ಕೆ ಮಾತ್ರ ಅಂದುಕೊಳ್ಳಬೇಡಿ. ಪಟ್ಟಣ, ಹಳ್ಳಿ, ಬಡಾವಣೆ ಎಲ್ಲವೂ ಇದೇ ಖಾನೆಗೆ ಸೇರುತ್ತವೆ. ಬಡಾವಣೆಗೆ ಅಂತಲೇ ಬೇರೆ ಖಾನೆ ನಾಮಿನಾಟಿಮ್‌ನಲ್ಲಿ ಇಲ್ಲ. ನಮ್ಮ ವಿಳಾಸಗಳಿಗೆ ಇದೇ ದೊಡ್ಡ ಕೊರತೆ, ಯಾಕಂದ್ರೆ ಕಲಬುರಗಿಯಲ್ಲಿ ಯಾರೂ ರಸ್ತೆಯ ಹೆಸರು ಹೇಳಿ ವಿಳಾಸ ಕೊಡುವುದಿಲ್ಲ, ಬಡಾವಣೆ ಹೇಳಿ ಕೊಡುತ್ತಾರೆ. ಬ್ರಹ್ಮಪುರ, ಶಾಂತಿನಗರ, ವಿದ್ಯಾನಗರ, ಗೋದುತಾಯಿ ನಗರ, ಮೋಮಿನಪುರ. ಇದನ್ನು ದಾಟುವ ಉಪಾಯ ಮುಂದೆ ಹೇಳುತ್ತೇನೆ.

ಒಂದು ವಿಳಾಸ ಬಿಡಿಸೋಣ

ಪಟ್ಟಿಯಲ್ಲಿ ಹೀಗೆ ಇದೆ ಅಂದುಕೊಳ್ಳಿ:

'ಪ್ಲಾಟ್ ನಂ. 14, ಜಿಮ್ಸ್ ಆಸ್ಪತ್ರೆ ಎದುರು, ಸೇಡಂ ರೋಡ್, ಗುಲ್ಬರ್ಗಾ – 585105, ಮೊಬೈಲ್…'

ಮೊದಲು ಮೊಬೈಲ್ ನಂಬರ್ ಕಿತ್ತುಹಾಕಿ. ಹೊರಗಿನ ಸರ್ವರಿಗೆ ಗಿರಾಕಿಗಳ ಹೆಸರು, ಫೋನ್ ನಂಬರ್ ಕಳಿಸುವ ಅಗತ್ಯವೇ ಇಲ್ಲ. ಅದು ಹುಡುಕಾಟವನ್ನೂ ಕೆಡಿಸುತ್ತದೆ.

ಆಮೇಲೆ 'ಎದುರು'. ಹತ್ತಿರ, ಎದುರು, ಹಿಂದೆ, ಪಕ್ಕ, ಮೇಲೆ, ಕ್ರಾಸ್ ದಾಟಿ, ಇವು ಯಾವುವೂ ಖಾನೆಗೆ ಹೋಗಬಾರದು. ಎಕ್ಸೆಲ್‌ನಲ್ಲಿ 'ಗುರುತು' ಅಂತ ಒಂದು ಕಾಲಂ ಮಾಡಿ ಅಲ್ಲಿಗೆ ಸರಿಸಿ. ಅಳಿಸಬೇಡಿ. ಯಂತ್ರಕ್ಕೆ ಬೇಡ, ಗಾಡಿ ಓಡಿಸುವವರಿಗೆ ಬೇಕು. 'ಅಣ್ಣಾ, ಆಳಂದ ಚೆಕ್‌ಪೋಸ್ಟ್ ದಾಟಿ ಬರ್ರಿ, ಎಡಕ್ಕ ಹನುಮಾನ ಗುಡಿ ಅದ' ಅನ್ನುವ ಮಾತಿನಲ್ಲಿರುವ ಮಾಹಿತಿ ಯಾವ ಜಿಯೋಕೋಡರ್ ಹತ್ತಿರವೂ ಇಲ್ಲ.

ಪ್ಲಾಟ್ ನಂಬರ್ ಮನೆ ನಂಬರ್ ಅಲ್ಲ. ಬಡಾವಣೆ ಮಾಡಿದಾಗ ಕೊಟ್ಟ ನಿವೇಶನದ ಸಂಖ್ಯೆ ಅದು. ನಗರಪಾಲಿಕೆಯ ಮನೆ ನಂಬರ್ ಬೇರೆಯೇ ಇರುತ್ತದೆ, ನಡುವೆ ಅಡ್ಡಗೆರೆ, ಓರೆಗೆರೆ ಎಲ್ಲ ಸೇರಿದ ಉದ್ದನೆಯದು. ಎರಡೂ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಈ ಭಾಗಕ್ಕೆ ಸಿಗುವುದು ಅಪರೂಪ. ಕೊಟ್ಟರೆ ಪ್ರಯೋಜನ ಕಡಿಮೆ, ತೊಂದರೆ ಜಾಸ್ತಿ. ಬಿಟ್ಟುಬಿಡಿ.

ಉಳಿದದ್ದು ಮೂರು: ಸೇಡಂ ರೋಡ್, ಗುಲ್ಬರ್ಗಾ, 585105. ಈಗ ಖಾನೆಗೆ ಹಾಕೋಣ.

ಸ್ಟ್ರೀಟ್ = ಸೇಡಂ ರೋಡ್
ಸಿಟಿ = ಕಲಬುರಗಿ
ಸ್ಟೇಟ್ = ಕರ್ನಾಟಕ
ಕಂಟ್ರಿ = ಇಂಡಿಯಾ

ಪಿನ್‌ಕೋಡ್ ಎಲ್ಲಿ ಅಂತ ಕೇಳಬಹುದು. ಸದ್ಯಕ್ಕೆ ಕೈಯಲ್ಲೇ ಇಟ್ಟುಕೊಳ್ಳಿ. ಕೌಂಟಿಯನ್ನೂ ಬಿಟ್ಟಿದ್ದೇನೆ, ಊರಿನ ಹೆಸರೇ ಸಾಕಾಗುವಷ್ಟು ಸ್ಪಷ್ಟ ಇದೆ. ಎಲ್ಲ ಖಾನೆಯನ್ನೂ ತುಂಬಲೇಬೇಕು ಅನ್ನುವ ನಿಯಮ ಇಲ್ಲ. ನನ್ನ ಅಭಿಪ್ರಾಯದಲ್ಲಿ ತುಂಬಬಾರದು ಕೂಡ. ಖಾನೆ ಖಾಲಿ ಇದ್ದರೆ ಯಂತ್ರ ಸ್ವಲ್ಪ ಅಗಲವಾಗಿ ಹುಡುಕುತ್ತದೆ, ಅಷ್ಟೇ. ತಪ್ಪು ತುಂಬಿದ್ದರೆ ಎಲ್ಲವೂ ಹೊಂದಿಕೆಯಾಗುವ ಜಾಗ ಸಿಗದೆ ಖಾಲಿ ಪಟ್ಟಿ ಕೊಡುತ್ತದೆ. ಗೊತ್ತಿಲ್ಲದ್ದನ್ನು ಬಿಡಿ, ಅನುಮಾನ ಇರುವುದನ್ನೂ ಬಿಡಿ.

ಬ್ರೌಸರಿನಲ್ಲಿ ಕೈಯಾರೆ ಮಾಡಿ ನೋಡಿ

ಪ್ರೋಗ್ರಾಂ ಬರೆಯುವ ಮೊದಲು ಕೈಯಾರೆ ಒಂದಷ್ಟು ವಿಳಾಸ ಹುಡುಕಿ. ನಾಮಿನಾಟಿಮ್‌ನ ವೆಬ್ ಪುಟದಲ್ಲಿ 'ಸಿಂಪಲ್' ಮತ್ತು 'ಸ್ಟ್ರಕ್ಚರ್ಡ್' ಅಂತ ಎರಡು ಆಯ್ಕೆ ಇವೆ. ಎರಡನೆಯದನ್ನು ಒತ್ತಿದರೆ ಬಿಡಿ ಖಾನೆಗಳು ತೆರೆದುಕೊಳ್ಳುತ್ತವೆ. ತುಂಬಿ ಹುಡುಕಿ. ಎಡಗಡೆ ಫಲಿತಾಂಶ, ಬಲಗಡೆ ನಕ್ಷೆ. ಒಂದೊಂದು ಫಲಿತಾಂಶದ ಹತ್ತಿರವೂ 'ಡೀಟೇಲ್ಸ್' ಇರುತ್ತದೆ. ಅದನ್ನು ಒತ್ತಿದರೆ ಆ ಜಾಗಕ್ಕೆ ಯಾವ ಯಾವ ಹೆಸರುಗಳಿವೆ, ಅದು ಯಾವ ತಾಲೂಕು, ಯಾವ ಜಿಲ್ಲೆಯೊಳಗೆ ಬರುತ್ತದೆ ಅಂತ ತೋರಿಸುತ್ತದೆ. ಒಂದು ವಿಳಾಸ ಯಾಕೆ ಸಿಗುತ್ತಿಲ್ಲ ಅನ್ನುವ ಪ್ರಶ್ನೆಗೆ ಬಹಳಷ್ಟು ಸಲ ಉತ್ತರ ಈ ಪುಟದಲ್ಲೇ ಇರುತ್ತದೆ.

ಎಪಿಐ ಮೂಲಕ, ಅಂದರೆ ಪ್ರೋಗ್ರಾಂ ನೇರವಾಗಿ ಸರ್ವರನ್ನು ಕೇಳುವ ದಾರಿಯಲ್ಲಿ, ಕೇಳುವುದಾದರೆ ನಾಮಿನಾಟಿಮ್‌ನ ಸರ್ಚ್ ಯುಆರ್‌ಎಲ್‌ನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಖಾನೆಗಳನ್ನು ಹೀಗೆ ಜೋಡಿಸುತ್ತೀರಿ:

ಸ್ಟ್ರೀಟ್=ಸೇಡಂ+ರೋಡ್&ಸಿಟಿ=ಕಲಬುರಗಿ&ಸ್ಟೇಟ್=ಕರ್ನಾಟಕ&ಕಂಟ್ರಿ=ಇಂಡಿಯಾ&ಫಾರ್ಮ್ಯಾಟ್=ಜೇಸಾನ್‌ವಿ2&ಅಡ್ರೆಸ್‌ಡೀಟೇಲ್ಸ್=1

ಜೇಸಾನ್ ಅಂದರೆ ಪ್ರೋಗ್ರಾಂ ಸುಲಭವಾಗಿ ಓದಬಲ್ಲ ಪಠ್ಯದ ರೂಪ, ಉತ್ತರ ಆ ರೂಪದಲ್ಲಿ ಬರುತ್ತದೆ. ಇಲ್ಲಿ ಒಂದು ಕಟ್ಟುನಿಟ್ಟು ಇದೆ. ಇಡೀ ವಿಳಾಸವನ್ನು ಒಂದೇ ಸಾಲಿನಲ್ಲಿ ಕೊಡಲು 'ಕ್ಯೂ' ಅನ್ನುವ ಖಾನೆ ಬಳಸುತ್ತಾರೆ. ಕ್ಯೂ ಮತ್ತು ಬಿಡಿ ಖಾನೆಗಳನ್ನು ಒಟ್ಟಿಗೆ ಕೊಡುವಂತಿಲ್ಲ. ಎರಡರಲ್ಲಿ ಒಂದು ಮಾತ್ರ.

ಜೊತೆಗೆ ಕೊಡಬಹುದಾದ ಕೆಲವು ಸೂಚನೆಗಳು: 'ಲಿಮಿಟ್' ಎಷ್ಟು ಫಲಿತಾಂಶ ಬೇಕು ಅನ್ನುವುದಕ್ಕೆ. ಸುಮ್ನೆ ಬಿಟ್ಟರೆ 10, ಗರಿಷ್ಠ 40. ಪರೀಕ್ಷೆ ಮಾಡುವಾಗ 1 ಅಂತ ಇಡಬೇಡಿ. ಎರಡನೆಯ, ಮೂರನೆಯ ಫಲಿತಾಂಶ ನೋಡಿದರೆ ಗೊಂದಲ ಎಲ್ಲಿದೆ ಅಂತ ಗೊತ್ತಾಗುತ್ತದೆ. 'ಕಂಟ್ರಿಕೋಡ್ಸ್' ಭಾರತಕ್ಕೆ ಮಾತ್ರ ಸೀಮಿತ ಮಾಡಲು. 'ಅಕ್ಸೆಪ್ಟ್-ಲ್ಯಾಂಗ್ವೇಜ್' ಕನ್ನಡ ಅಂತ ಕೊಟ್ಟರೆ ನಕ್ಷೆಯಲ್ಲಿ ಕನ್ನಡ ಹೆಸರು ಇದ್ದ ಕಡೆ ಕನ್ನಡದಲ್ಲೇ ಉತ್ತರ ಬರುತ್ತದೆ.

'ವ್ಯೂಬಾಕ್ಸ್' ನನಗೆ ಬಹಳ ಇಷ್ಟ. ನಕ್ಷೆಯ ಮೇಲೆ ಒಂದು ಚೌಕ ಎಳೆದು, ಮೊದಲು ಇದರೊಳಗೆ ನೋಡು ಅನ್ನುವುದು. ಕಲಬುರಗಿ ನಗರಕ್ಕೆ 76.75,17.27,76.92,17.40 ಸಾಕು. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆ ಸೇರಿಸಬೇಕಾದರೆ 76.0,16.1,77.8,18.5. ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಜೊತೆಗೆ 'ಬೌಂಡೆಡ್=1' ಕೊಟ್ಟರೆ ಚೌಕದ ಹೊರಗಿನದ್ದು ಬರುವುದೇ ಇಲ್ಲ. ಪಟ್ಟಿಯೆಲ್ಲ ಒಂದೇ ನಗರದ್ದಾದರೆ ಇದನ್ನು ಹಾಕಿಯೇ ಕೆಲಸ ಶುರು ಮಾಡಿ.

ಹೆಸರುಗಳ ಜಂಜಾಟ

ಇಲ್ಲಿಯೇ ಹೆಚ್ಚಿನ ಸಮಯ ಹೋಗುವುದು. ನಾಮಿನಾಟಿಮ್ ಕಾಗುಣಿತದ ತಪ್ಪನ್ನು ತಿದ್ದಿ ಓದುವುದಿಲ್ಲ. ನಕ್ಷೆಯಲ್ಲಿ ಇರುವ ಹೆಸರಿಗೆ ನಿಮ್ಮ ಹೆಸರು ಹೊಂದಬೇಕು.

2014ರ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿ ಆಯಿತು. ಹಳೆಯ ಪಟ್ಟಿಗಳಲ್ಲಿ ಈಗಲೂ ಗುಲ್ಬರ್ಗಾ ಇದೆ, ಜನರ ಬಾಯಲ್ಲೂ ಇದೆ. ನಕ್ಷೆಯಲ್ಲಿ ಹಳೆಯ ಹೆಸರನ್ನೂ ದಾಖಲಿಸಿದ್ದರೆ ಎರಡೂ ನಡೆಯುತ್ತದೆ. ಆದರೆ ಅದನ್ನು ನಂಬಿಕೊಂಡು ಕೂರುವ ಬದಲು ಪಟ್ಟಿಯಲ್ಲೇ ಒಂದು ಫೈಂಡ್–ರಿಪ್ಲೇಸ್ ಮಾಡಿಬಿಡಿ. ಸುರಪುರ–ಶೋರಾಪುರ, ಸೇಡಂನ ಬೇರೆ ಬೇರೆ ಇಂಗ್ಲಿಷ್ ಸ್ಪೆಲ್ಲಿಂಗ್, ಹುಮನಾಬಾದ್–ಹೊಮ್ನಾಬಾದ್, ಇವಕ್ಕೂ ಒಂದೇ ರೂಪ ಇಟ್ಟುಕೊಳ್ಳಿ. ಯಾವ ರೂಪ? ಡೀಟೇಲ್ಸ್ ಪುಟದಲ್ಲಿ ಕಂಡದ್ದು.

ಕನ್ನಡದಲ್ಲೇ ಹುಡುಕಬಹುದಾ? ಹುಡುಕಬಹುದು, ಆದರೆ ಒಳಗೆ ಏನಾಗುತ್ತದೆ ಅಂತ ತಿಳಿದಿರಬೇಕು. ನಾಮಿನಾಟಿಮ್ ಯಾವ ಲಿಪಿಯಲ್ಲಿ ಬರೆದರೂ ಅದನ್ನು ರೋಮನ್ ಅಕ್ಷರಕ್ಕೆ ತಿರುಗಿಸಿಕೊಂಡು ಹೋಲಿಸುತ್ತದೆ. 'ಕಲಬುರಗಿ' ತಿರುಗಿಸಿದರೆ ಇಂಗ್ಲಿಷಿನಲ್ಲಿ ಬರೆಯುವ ರೂಪವೇ ಬರುತ್ತದೆ, ತೊಂದರೆ ಇಲ್ಲ. 'ಯಾದಗಿರಿ' ಹಾಗಲ್ಲ. ಇಂಗ್ಲಿಷಿನಲ್ಲಿ ಯಾದ್‌ಗಿರ್ ಅಂತ ಬರೆಯುತ್ತಾರೆ, ಅಕ್ಷರಗಳು ಹೊಂದುವುದಿಲ್ಲ. 'ಜೇವರ್ಗಿ'ಯಲ್ಲಿ ನಮ್ಮ 'ವ' ರೋಮನ್‌ನಲ್ಲಿ 'ವಿ' ಆಗುತ್ತದೆ, ಬೋರ್ಡುಗಳಲ್ಲಿ ಬರೆಯುವುದು 'ಡಬ್ಲ್ಯೂ'. ನಕ್ಷೆಯಲ್ಲಿ ಆ ಊರಿಗೆ ಕನ್ನಡ ಹೆಸರನ್ನೂ ಸೇರಿಸಿದ್ದರೆ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ಊರುಗಳಿಗೆ ಕನ್ನಡ ಹೆಸರು ಸಿಗಬಹುದು, ಒಳರಸ್ತೆಗಳಿಗೆ ಕಷ್ಟ. 'ರಸ್ತೆ' ಅಂತ ಬರೆದರೆ ಅದು ತಾನಾಗಿ 'ರೋಡ್' ಆಗುವುದಿಲ್ಲ. ಹಾಗಾಗಿ ರಸ್ತೆಗಳನ್ನು ಇಂಗ್ಲಿಷ್ ಹೆಸರಿನಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವುದೇ ಈಗಿನ ಮಟ್ಟಿಗೆ ಲಾಭ. ಬೇಜಾರಿನ ವಿಷಯ, ಆದರೆ ಇರುವುದು ಹಾಗೆ.

ಹಳ್ಳಿಗಳ ಹೆಸರಿನ ಕೊನೆಯಲ್ಲಿ ಬರುವ (ಬಿ), (ಕೆ) ಇನ್ನೊಂದು. ಔರಾದ (ಬಿ), ನಂದೂರ (ಕೆ). ಬುಜುರ್ಗ್ ಮತ್ತು ಖುರ್ದ್, ಅಂದರೆ ದೊಡ್ಡದು ಮತ್ತು ಚಿಕ್ಕದು ಅನ್ನುವುದರ ಸಂಕ್ಷಿಪ್ತ ರೂಪ. ಆವರಣ ಸಮೇತ ಒಮ್ಮೆ, ಆವರಣ ತೆಗೆದು ಒಮ್ಮೆ, ಅಕ್ಷರವನ್ನೇ ಬಿಟ್ಟು ಒಮ್ಮೆ ಹುಡುಕಿ. ಅಕ್ಷರ ಬಿಟ್ಟು ಹುಡುಕಿದಾಗ ಸಿಕ್ಕಿದರೆ ಸರಿಯಾದ ಹಳ್ಳಿಯೇ ಹೌದಾ ಅಂತ ತಾಲೂಕು ನೋಡಿ ಖಚಿತ ಮಾಡಿಕೊಳ್ಳಿ.

ಕೌಂಟಿ ಯಾವಾಗ ಬೇಕು, ಯಾವಾಗ ಕೈಕೊಡುತ್ತದೆ

ಒಂದೇ ಹೆಸರಿನ ಊರು ಎರಡು ಮೂರು ಕಡೆ ಇದ್ದಾಗ ಕೌಂಟಿ ಬೇಕೇ ಬೇಕು. ಕಮಲಾಪುರ ಅಂದರೆ ನಮಗೆ ಕೆಂಪು ಬಾಳೆಹಣ್ಣಿನ ಕಮಲಾಪುರ, ಹುಮನಾಬಾದ್ ರಸ್ತೆಯಲ್ಲಿ ಬರುವುದು. ಹಂಪಿ ಪಕ್ಕದಲ್ಲೂ ಒಂದು ಕಮಲಾಪುರ ಇದೆ. ಶಹಾಪುರ ಯಾದಗಿರಿ ಜಿಲ್ಲೆಯ ತಾಲೂಕು, ಬೆಳಗಾವಿ ನಗರದಲ್ಲಿ ಶಹಾಪುರ ಒಂದು ಭಾಗ, ಮಹಾರಾಷ್ಟ್ರದ ಠಾಣೆ ಜಿಲ್ಲೆಯಲ್ಲಿ ಇನ್ನೊಂದು. ಹೀಗಾಗಿ:

ಸಿಟಿ=ಶಹಾಪುರ&ಕೌಂಟಿ=ಯಾದಗಿರಿ&ಸ್ಟೇಟ್=ಕರ್ನಾಟಕ

ಈಗ ಕೈಕೊಡುವ ಸಂದರ್ಭ. 2010ಕ್ಕಿಂತ ಹಿಂದಿನ ಪಟ್ಟಿಯಲ್ಲಿ 'ತಾ. ಶಹಾಪುರ, ಜಿ. ಗುಲ್ಬರ್ಗಾ' ಅಂತ ಇರುತ್ತದೆ. ಆಗ ಅದು ಸರಿ. ಯಾದಗಿರಿ ಆಮೇಲೆ ಬೇರೆ ಜಿಲ್ಲೆ ಆಯಿತು. ಕೌಂಟಿ ಖಾನೆಯಲ್ಲಿ ಕಲಬುರಗಿ ಹಾಕಿದರೆ, ಶಹಾಪುರ ಆ ಜಿಲ್ಲೆಯ ಒಳಗೆ ಇಲ್ಲದ ಕಾರಣ ಏನೂ ಸಿಗುವುದಿಲ್ಲ. ತಾಲೂಕುಗಳದ್ದೂ ಇದೇ ಕಥೆ. 2018ರಲ್ಲಿ ಹೊಸ ತಾಲೂಕುಗಳು ಬಂದವು: ಕಲಬುರಗಿಯಲ್ಲಿ ಕಮಲಾಪುರ, ಕಾಳಗಿ, ಶಹಾಬಾದ್, ಯಡ್ರಾಮಿ, ಯಾದಗಿರಿಯಲ್ಲಿ ಹುಣಸಗಿ, ವಡಗೇರಾ, ಗುರುಮಠಕಲ್, ಬೀದರಿನಲ್ಲಿ ಚಿಟಗುಪ್ಪ, ಹುಲಸೂರ, ಕಮಲನಗರ. ನಿಮ್ಮ ಪಟ್ಟಿಯಲ್ಲಿ ಹಳೇ ತಾಲೂಕು ಇರಬಹುದು. ನಕ್ಷೆಯ ಗಡಿರೇಖೆ ಕೂಡ ಹಳೆಯದೇ ಇರಬಹುದು. ಎರಡರಲ್ಲಿ ಯಾವುದು ಹೊಸದು ಅಂತ ಹುಡುಕುತ್ತಾ ಕೂರುವ ಬದಲು ತಾಲೂಕು ಬಿಟ್ಟು ಜಿಲ್ಲೆ ಮಾತ್ರ ಕೊಡಿ. ಜಿಲ್ಲೆಯೂ ಅನುಮಾನವಾದರೆ ರಾಜ್ಯ ಮಾತ್ರ ಕೊಟ್ಟು, ಬಂದ ಫಲಿತಾಂಶಗಳಲ್ಲಿ ಕಣ್ಣಿಂದ ಆರಿಸಿ.

ಬಡಾವಣೆಯ ಉಪಾಯ ಹೇಳುತ್ತೇನೆ ಅಂದಿದ್ದೆ. ಬಡಾವಣೆಯನ್ನು ಸಿಟಿ ಖಾನೆಗೆ ಹಾಕಿ, ಕಲಬುರಗಿಯನ್ನು ಕೌಂಟಿಗೆ ಸರಿಸಿ.

ಸಿಟಿ=ಬ್ರಹ್ಮಪುರ&ಕೌಂಟಿ=ಕಲಬುರಗಿ&ಸ್ಟೇಟ್=ಕರ್ನಾಟಕ

ನಮ್ಮ ನಗರ, ತಾಲೂಕು, ಜಿಲ್ಲೆ ಮೂರಕ್ಕೂ ಒಂದೇ ಹೆಸರು ಇರುವುದು ಇಲ್ಲಿ ಉಪಕಾರಕ್ಕೆ ಬರುತ್ತದೆ. ಬೀದರ್, ಯಾದಗಿರಿಗೂ ಹೀಗೇ ಮಾಡಬಹುದು. ಆದರೆ ಶಾಂತಿನಗರ, ವಿದ್ಯಾನಗರದಂಥ ಹೆಸರು ಜಿಲ್ಲೆಯ ಬೇರೆ ಪಟ್ಟಣದಲ್ಲೂ ಇರಬಹುದು, ಅದಕ್ಕೆ ಮೊದಲೇ ಹೇಳಿದ ನಗರದ ವ್ಯೂಬಾಕ್ಸ್ ಜೊತೆಗೇ ಕೊಡಿ.

ಪಿನ್‌ಕೋಡ್

1972ರ ಆಗಸ್ಟ್ 15ರಿಂದ ಇರುವ ಆರಂಕಿಯ ವ್ಯವಸ್ಥೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಿಗೆ ಮೊದಲ ಮೂರು ಅಂಕಿ 585. ಆಳಂದ 585302, ಬೀದರ್ 585401, ಬಸವಕಲ್ಯಾಣ 585327, ಯಾದಗಿರಿ 585201, ಸುರಪುರ 585224. ಕಲಬುರಗಿ ನಗರದೊಳಗೇ ಹಲವು ಇವೆ: ಗುಲ್ಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗೆಗೆ 585106, ಬಂದೇನವಾಜ್ ದರ್ಗಾ ಕಡೆಗೆ 585104.

ಪಿನ್ ಅಂಚೆ ಹಂಚುವ ವ್ಯವಸ್ಥೆ, ಜಿಲ್ಲೆಯ ಗಡಿಗೂ ಅದಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ. ಜನರಂತೂ ಊರು ಯಾವುದಾದರೂ 585101 ಅಂತ ಬರೆದುಬಿಡುತ್ತಾರೆ. ಮೇಲಾಗಿ ನಮ್ಮ ಕಡೆಯ ಹೆಚ್ಚಿನ ರಸ್ತೆ, ಕಟ್ಟಡಗಳಿಗೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಪಿನ್ ದಾಖಲಾಗಿಲ್ಲ. ಈ ಕಾರಣಕ್ಕೇ ಮೊದಲ ಹುಡುಕಾಟದಲ್ಲಿ ಪಿನ್ ಕೊಡಬೇಡಿ ಅಂದದ್ದು. ಅದನ್ನು ತಾಳೆ ನೋಡಲು ಬಳಸಿ: ಉತ್ತರದಲ್ಲಿ ಪಿನ್ ಬಂದಿದ್ದು, ಅದು ನಿಮ್ಮದಕ್ಕೆ ಹೊಂದಿದರೆ ನೆಮ್ಮದಿ. 585ರಿಂದ ಶುರುವೇ ಆಗದಿದ್ದರೆ ಗುರುತು ಎಲ್ಲೋ ಹಾರಿದೆ.

ಪಿನ್ ಒಂದನ್ನೇ ಕೊಟ್ಟು ಹುಡುಕಿದರೆ ಒಂದು ಬಿಂದು ಬರಬಹುದು. ಆ ಪಿನ್ ಇರುವ ವಿಳಾಸಗಳ ನಡುಮಧ್ಯ ಅದು, ಯಾರ ಮನೆಯೂ ಅಲ್ಲ.

ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್ ಬೇರೆ. ಅದು ಸುಮಾರು 4 ಮೀಟರ್ ಚೌಕಕ್ಕೆ ಕೊಡುವ ಹತ್ತು ಅಕ್ಷರ–ಅಂಕಿಗಳ ಸಂಕೇತ, ನೇರವಾಗಿ ಅಕ್ಷಾಂಶ–ರೇಖಾಂಶದಿಂದಲೇ ಲೆಕ್ಕ ಹಾಕಿದ್ದು. ಗಿರಾಕಿ ಡಿಜಿಪಿನ್ ಕೊಟ್ಟರೆ ಈ ಹುಡುಕಾಟದ ಗೋಜೇ ಬೇಡ.

ಬಂದ ಉತ್ತರವನ್ನು ನಂಬುವ ಮೊದಲು

ಫಲಿತಾಂಶ ಬಂತು ಅಂದಮಾತ್ರಕ್ಕೆ ಸರಿ ಅಂತಲ್ಲ. 'ಅಡ್ರೆಸ್‌ಟೈಪ್' ನೋಡಿ. ರೋಡ್ ಅಂತ ಇದ್ದರೆ ರಸ್ತೆ ಸಿಕ್ಕಿದೆ. ಸಿಟಿ ಅಂತ ಇದ್ದರೆ ಊರು ಮಾತ್ರ ಸಿಕ್ಕಿದೆ, ಗುರುತು ಊರಿನ ಮಧ್ಯದಲ್ಲಿದೆ. 'ಪ್ಲೇಸ್ ರ‍್ಯಾಂಕ್' ಅನ್ನುವ ಅಂಕಿಯೂ ಇದನ್ನೇ ಹೇಳುತ್ತದೆ: 30 ಇದ್ದರೆ ಮನೆ, ಕಟ್ಟಡ, ಅಂಗಡಿ, 26–27 ರಸ್ತೆ, 25 ಮತ್ತು ಕೆಳಗೆ ಬಡಾವಣೆ, ಊರು, ತಾಲೂಕು ಹೀಗೆ ಅಗಲವಾಗುತ್ತಾ ಹೋಗುತ್ತದೆ. ಈ ಅಂಕಿಯನ್ನು ಎಕ್ಸೆಲ್‌ಗೆ ಒಂದು ಕಾಲಂ ಆಗಿ ತಪ್ಪದೆ ಸೇರಿಸಿ. ಆಮೇಲೆ ಶೋಧಿಸಿ ನೋಡುವಾಗ ಇದರಷ್ಟು ಕೆಲಸಕ್ಕೆ ಬರುವುದು ಬೇರೆ ಇಲ್ಲ.

ರಸ್ತೆ ಸಿಕ್ಕಿದರೂ ಬರುವುದು ಒಂದು ಬಿಂದು. ಸೇಡಂ ರಸ್ತೆ ಉದ್ದ ಇದೆ, ನಕ್ಷೆಯಲ್ಲಿ ತುಂಡು ತುಂಡಾಗಿ ಬರೆದಿರುತ್ತಾರೆ, ಯಾವುದೋ ಒಂದು ತುಂಡಿನ ನಡುವಿನ ಬಿಂದು ನಿಮಗೆ ಸಿಗುತ್ತದೆ. ಗಾಡಿ ಯಾವ ಕಡೆ ಹೋಗಬೇಕು ಅನ್ನುವ ಮಾರ್ಗ ಯೋಜನೆಗೆ ಇಷ್ಟು ಸಾಕು. ಬಾಗಿಲು ತಟ್ಟಲು ಸಾಲದು. ಅಲ್ಲಿ 'ಜಿಮ್ಸ್ ಎದುರು' ಉಪಯೋಗಕ್ಕೆ ಬರುತ್ತದೆ: ಅಮೆನಿಟಿ ಖಾನೆಯಲ್ಲಿ ಆಸ್ಪತ್ರೆಯ ಹೆಸರು, ಸಿಟಿಯಲ್ಲಿ ಕಲಬುರಗಿ ಕೊಟ್ಟು ಇನ್ನೊಂದು ಹುಡುಕಾಟ ಮಾಡಿ. ಆಸ್ಪತ್ರೆ ಸಿಕ್ಕರೆ ಅದರ ಬಿಂದು ರಸ್ತೆಯ ಬಿಂದುವಿಗಿಂತ ಎಷ್ಟೋ ಮೇಲು. ನಮ್ಮ ಊರುಗಳಲ್ಲಿ ಹೆಗ್ಗುರುತಿನ ಮೂಲಕ ಹುಡುಕಿದರೆ ಹೆಚ್ಚು ಸಿಗುತ್ತದೆ ಅನ್ನುವುದು ನನ್ನ ಅನುಭವ.

ಅಕ್ಷಾಂಶ–ರೇಖಾಂಶ ಅದಲುಬದಲಾಗುವುದು ಎಲ್ಲರಿಗೂ ಆಗುವ ಎಡವಟ್ಟು. ನಾಮಿನಾಟಿಮ್‌ನ ಸಾದಾ ಜೇಸಾನ್‌ನಲ್ಲಿ ಎರಡೂ ಬೇರೆ ಬೇರೆ ಹೆಸರಿನಲ್ಲಿ ಬರುತ್ತವೆ, ಸಂಖ್ಯೆಯಾಗಿ ಅಲ್ಲ, ಪಠ್ಯವಾಗಿ. ನಕ್ಷೆಗೆ ಅಂತಲೇ ಇರುವ ಜಿಯೋಜೇಸಾನ್ ರೂಪದಲ್ಲಿ ರೇಖಾಂಶ ಮೊದಲು. ಕಲಬುರಗಿ ಸುಮಾರು 17.33 ಉತ್ತರ, 76.83 ಪೂರ್ವ. ಇದನ್ನು ತಿರುವಿದರೆ 76.83 ಉತ್ತರ, 17.33 ಪೂರ್ವ. ಅದು ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ಹತ್ತಿರ, ಹಿಮಕರಡಿಗಳ ನಾಡು. ನಮ್ಮ ಬೇಸಿಗೆಯಲ್ಲಿ ಕೇಳಲು ಹಿತವಾಗಿರುತ್ತದೆ, ತೊಗರಿ ಬೇಳೆ ಮಾತ್ರ ತಲುಪುವುದಿಲ್ಲ.

ಸಿಗದಿದ್ದರೆ ಮೆಟ್ಟಿಲು ಇಳಿಯಿರಿ

ಬಿಡಿ ಖಾನೆ ಹುಡುಕಾಟ ಕಟ್ಟುನಿಟ್ಟು, ಹಾಗಾಗಿ ಖಾಲಿ ಉತ್ತರ ಬರುವುದು ಸಹಜ. ಒಂದೊಂದೇ ಖಾನೆ ಕಡಿಮೆ ಮಾಡುತ್ತಾ ಹೋಗಿ. ಮೊದಲು ಹೆಗ್ಗುರುತು ಮತ್ತು ಊರು. ಅದಿಲ್ಲದಿದ್ದರೆ ರಸ್ತೆ ಮತ್ತು ಊರು. ಅದೂ ಇಲ್ಲದಿದ್ದರೆ ಬಡಾವಣೆ ಸಿಟಿಯಾಗಿ, ಜಿಲ್ಲೆ ಕೌಂಟಿಯಾಗಿ. ಆಮೇಲೆ ಕ್ಯೂ ಖಾನೆಯಲ್ಲಿ ಶುದ್ಧ ಮಾಡಿದ ವಿಳಾಸ ಒಂದೇ ಸಾಲಾಗಿ, ವ್ಯೂಬಾಕ್ಸ್ ಜೊತೆ. ಕೊನೆಗೆ ಪಿನ್ ಮಾತ್ರ. ಯಾವ ಮೆಟ್ಟಿಲಲ್ಲಿ ಸಿಕ್ಕಿತು ಅಂತ ಬರೆದಿಡಿ. ಪಿನ್ ಮೆಟ್ಟಿಲಿಗೆ ಇಳಿದವನ್ನು ಫೋನ್ ಮಾಡಿ ಲೊಕೇಶನ್ ಕಳಿಸಿ ಅಂತ ಕೇಳುವುದೇ ವಾಸಿ.

ಪಟ್ಟಿ ಉದ್ದ ಇದ್ದರೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಜಿಯೋಪೈ ಲೈಬ್ರರಿ ಬಳಸಿ. ಅದಕ್ಕೆ ವಿಳಾಸವನ್ನು ಸಾಲಾಗಿ ಕೊಡುವ ಬದಲು ಖಾನೆ–ಬೆಲೆ ಜೋಡಿಗಳ ಡಿಕ್ಷನರಿಯಾಗಿ ಕೊಟ್ಟರೆ ತಾನೇ ಸ್ಟ್ರಕ್ಚರ್ಡ್ ಹುಡುಕಾಟ ಮಾಡುತ್ತದೆ. ಅದರಲ್ಲೇ ಇರುವ, ಕೇಳುವ ವೇಗ ತಗ್ಗಿಸುವ ರೇಟ್‌ಲಿಮಿಟರ್ ಹಾಕುವುದನ್ನು ಮರೆಯಬೇಡಿ. ನಾಮಿನಾಟಿಮ್‌ನ ಸಾರ್ವಜನಿಕ ಸರ್ವರಿನಲ್ಲಿ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಸಾವಿರ ವಿಳಾಸಕ್ಕೆ ಹದಿನೇಳು ನಿಮಿಷ, ಒಂದು ಚಹಾ ಕುಡಿದು ಬನ್ನಿ. ನಿಮ್ಮ ಆ್ಯಪ್ ಯಾವುದು ಅಂತ ಪ್ರತಿ ಕೋರಿಕೆಯ ಜೊತೆ ಹೋಗುವ ಯೂಸರ್-ಏಜೆಂಟ್ ಅನ್ನುವ ಗುರುತಿನ ಸಾಲಿನಲ್ಲಿ ಹೆಸರು ಕೊಡಬೇಕು. ಸಿಕ್ಕ ಉತ್ತರವನ್ನು ನಿಮ್ಮಲ್ಲೇ ಉಳಿಸಿಕೊಂಡು, ಅದೇ ವಿಳಾಸವನ್ನು ಮತ್ತೆ ಮತ್ತೆ ಕೇಳದಂತೆ ನೋಡಿಕೊಳ್ಳಿ. ಅಕ್ಷರ ಟೈಪ್ ಮಾಡುತ್ತಿದ್ದಂತೆ ಸಲಹೆ ತೋರಿಸುವ ಆಟೋಕಂಪ್ಲೀಟ್‌ಗೆ ಈ ಸರ್ವರ್ ಬಳಸುವಂತಿಲ್ಲ. ಹತ್ತಾರು ಸಾವಿರ ವಿಳಾಸ ಇದ್ದರೆ ಓಪನ್‌ಸ್ಟ್ರೀಟ್‌ಮ್ಯಾಪ್ ಮಾಹಿತಿ ಇಳಿಸಿಕೊಳ್ಳಲು ಕೊಡುವ ಜಿಯೋಫ್ಯಾಬ್ರಿಕ್ ತಾಣದಿಂದ ಭಾರತದ ದಕ್ಷಿಣ ವಲಯದ ನಕ್ಷೆ ಇಳಿಸಿಕೊಂಡು ನಿಮ್ಮದೇ ಸರ್ವರಿನಲ್ಲಿ ನಾಮಿನಾಟಿಮ್ ಕೂರಿಸಿ.

ಬೇರೆ ಸೇವೆಗಳಲ್ಲಿ ಖಾನೆಗಳು ಬೇರೆ

ಪೆಲಿಯಾಸ್ ಅನ್ನುವ ಇನ್ನೊಂದು ಜಿಯೋಕೋಡರ್‌ನಲ್ಲಿ ರಸ್ತೆ 'ಅಡ್ರೆಸ್', ಊರು 'ಲೊಕಾಲಿಟಿ', ರಾಜ್ಯ 'ರೀಜನ್'. ಬಡಾವಣೆಗೆ 'ನೇಬರ್‌ಹುಡ್' ಅಂತ ಸ್ವಂತ ಖಾನೆಯೇ ಇದೆ. ಮ್ಯಾಪ್‌ಬಾಕ್ಸ್‌ನ ಆರನೇ ಆವೃತ್ತಿಯಲ್ಲೂ ಅದು ಇದೆ, ಅಲ್ಲಿ ಊರಿಗೆ 'ಪ್ಲೇಸ್' ಅನ್ನುತ್ತಾರೆ. ಹಿಯರ್ ಸೇವೆಯಲ್ಲಿ 'ಕ್ಯೂಕ್ಯೂ' ಅನ್ನುವ ಒಂದರೊಳಗೆ ಎಲ್ಲವನ್ನೂ ಅರ್ಧವಿರಾಮ ಹಾಕಿ ಜೋಡಿಸಬೇಕು. ಅದರಲ್ಲಿ 'ಡಿಸ್ಟ್ರಿಕ್ಟ್' ಕಂಡು ಜಿಲ್ಲೆ ಹಾಕಿಬಿಟ್ಟೀರಿ ಜೋಕೆ. ಅಲ್ಲಿ ಅದು ನಗರದ ಒಳಗಿನ ಭಾಗ. ಜಿಲ್ಲೆಗೆ ಅಲ್ಲೂ ಕೌಂಟಿಯೇ. ಗೂಗಲ್‌ನಲ್ಲಿ 'ಕಾಂಪೊನೆಂಟ್ಸ್' ಅಂತ ಇದೆ. ದೇಶ ಮತ್ತು ಪಿನ್ ಕೊಟ್ಟರೆ ಅದರಾಚೆ ಹೋಗುವುದಿಲ್ಲ. ಊರು, ರಸ್ತೆ ಕೊಟ್ಟರೆ ಅತ್ತ ವಾಲುತ್ತದೆ ಅಷ್ಟೇ. ಉತ್ತರದಲ್ಲಿ 'ಅಪ್ರಾಕ್ಸಿಮೇಟ್' ಅಥವಾ 'ಪಾರ್ಶಿಯಲ್ ಮ್ಯಾಚ್' ಕಂಡರೆ ಅನುಮಾನದಿಂದ ನೋಡಿ. ಗೂಗಲ್‌ನಿಂದ ಪಡೆದ ಅಕ್ಷಾಂಶ–ರೇಖಾಂಶವನ್ನು 30 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ ಅನ್ನುವ ನಿಯಮವೂ ಇದೆ. ಕಾಯಂ ಪಟ್ಟಿ ಮಾಡುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು.

ಓಪನ್‌ಸ್ಟ್ರೀಟ್‌ಮ್ಯಾಪ್ ಮಾಹಿತಿಯನ್ನು ಉಳಿಸಿಕೊಳ್ಳಬಹುದು, ಮೂಲ ಯಾವುದು ಅಂತ ನಕ್ಷೆಯ ಮೇಲೆ ಹೆಸರು ಹಾಕಬೇಕು. ಇನ್ನೊಂದು ಅನುಕೂಲ ಇದೆ: ನಿಮ್ಮ ಬಡಾವಣೆಯೋ ರಸ್ತೆಯೋ ಇಲ್ಲವೇ ಇಲ್ಲ ಅಂತಾದರೆ ಖಾತೆ ತೆರೆದು ನೀವೇ ಸೇರಿಸಬಹುದು. ರಸ್ತೆಯನ್ನು ಆರಿಸಿ, ಬೋರ್ಡಿನಲ್ಲಿ ಇರುವ ಹೆಸರನ್ನು ಹೆಸರಿನ ಖಾನೆಯಲ್ಲಿ ಬರೆಯಿರಿ, ಬಹುಭಾಷಾ ಹೆಸರಿನ ಕಡೆ ಕನ್ನಡ ಆರಿಸಿ ಕನ್ನಡದ್ದನ್ನೂ ಬರೆಯಿರಿ, ಹಳೆಯ ಹೆಸರಿದ್ದರೆ ಅದನ್ನೂ. ಬೇರೆ ನಕ್ಷೆ ನೋಡಿ ನಕಲು ಮಾಡಬೇಡಿ, ಕಣ್ಣಾರೆ ಕಂಡದ್ದನ್ನು ಮಾತ್ರ ಸೇರಿಸಿ. ಉಳಿಸಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಅದೇ ಖಾನೆಗಳನ್ನು ತುಂಬಿ ಮತ್ತೆ ಹುಡುಕಿ, ಹೊಸ ಹೆಸರು ಸಿಗುತ್ತಿದೆಯಾ ಅಂತ ನೋಡಿ. 'ರಸ್ತೆ' ಅಂತ ಕನ್ನಡದಲ್ಲೇ ಹಾಕಿಯೂ ಒಮ್ಮೆ ಹುಡುಕಿ.